ಆರು ತಿಂಗಳ ಕಾಯ್ದೆ, ಐದು ತಿಂಗಳ ಬಾಣಂತನ

"ಅಕ್ಕಾರ, ಎಲ್ಲಾ ದೇಶದ ಕಾಯ್ದೆ ಒಂದ ಹಾಳಿ ಮ್ಯಾಲ ಬರದ ಕೊಡ್ರಿ. ಹೊರಗಿನಿಂದ ಬಂದವರನ್ನ ಯಾವ ದೇಶ ಎಷ್ಟ ಬಿಗಿ ಹಿಡಿತೈತಿ, ಅಷ್ಟ ಸಾಕು," ಎಂದರು ದಲಾಲರು. ಸಂತೆಗೆ ಹೊರಟವಳಿಗೆ ಎರಡು ಕಟ್ಟು ಕೊತ್ತಂಬರಿ ತಾ ಎಂದು ಹೇಳುವಷ್ಟು ಸಲೀಸಾಗಿ ಹೇಳಿದರು.

ಫೆಬ್ರವರಿಯ ಒಂದು ಮಾರುಕಟ್ಟೆ ದಿನ. ಬ್ಯಾಡಗಿಯಲ್ಲಿ ಅವರ ದಲಾಲಿ ಅಂಗಡಿಯ ಮುಂದೆ ಮೆಣಸಿನಕಾಯಿ ಚೀಲಗಳನ್ನು ರಸ್ತೆಯವರೆಗೂ ಒಟ್ಟಿದ್ದರು. ನಾನು ಸೆರಗನ್ನು ಮೂಗಿಗೆ ಹಿಡಿದು ಸೀನುತ್ತ ಕೂತಿದ್ದೆ. ರಾಣೆಬೆನ್ನೂರಿನಲ್ಲಿ ನಾನು ವಕೀಲಿ ಮಾಡುತ್ತೇನೆ, ನೋಟರಿಯೂ ಹೌದು. ದಿನದ ಹೆಚ್ಚು ಹೊತ್ತು ಮೇಡ್ಲೇರಿ, ಹಲಗೇರಿ ಕಡೆಯ ಅಣ್ಣತಮ್ಮಂದಿರ ಹಿಸ್ಸೆ ದಾವೆಗಳಲ್ಲೇ ಸವೆಯುತ್ತದೆ. ಕುಮಾರಪಟ್ಟಣದ ಕಡೆಯ ಫಿಟ್ಟರು, ವೆಲ್ಡರುಗಳು ದುಬೈ, ಸೌದಿ ಅಂತ ಹೊರಟಾಗ ಅವರ ಕರಾರುಪತ್ರ ಓದಿ ಹೇಳುತ್ತ ಹೇಳುತ್ತ, ವೀಸಾ ಕಾಗದ ಎಂದರೆ ಈ ಅಕ್ಕ ಎಂದು ಸುತ್ತಲಿನ ಊರುಗಳಲ್ಲಿ ಹೆಸರು ಬಿದ್ದುಬಿಟ್ಟಿದೆ. ಬೇಡವೆಂದರೂ ಜನ ಬಿಡುವುದಿಲ್ಲ.

"ಎಲ್ಲಾ ದೇಶದ್ದು ತಗೊಂಡ ಏನ ಮಾಡ್ತೀರಿ?" ಎಂದೆ.

"ದೊಡ್ಡಾಕಿನ್ನ ಜರ್ಮನಿಗೆ ಕೊಡೂ ಮುಂದ ಏನೂ ಕೇಳಲಿಲ್ರಿ ನಾನು. ಈಗ ಸಣ್ಣಾಕಿಗೆ ಎರಡ ವರ ಬಂದಾವ. ಒಬ್ಬಾಂವ ದುಬೈದಾಗ ಅದಾನ, ಒಬ್ಬಾಂವ ಕೆನಡಾದಾಗ. ನಮಗ ಬ್ಯಾರೆ ಏನೂ ಬ್ಯಾಡ. ಚೊಚ್ಚಲ ಬಾಣಂತನಕ್ಕ ತವರಿಗೆ ಬಂದು, ಸಾವಕಾಶ ಐದ ತಿಂಗಳ ಇದ್ದು ಹೋಗಾಕ ಯಾವ ದೇಶ ಬಿಡತೈತಿ? ಅಷ್ಟ ನೋಡ್ರಿ."

ನಗು ಬಂತು. ಇಷ್ಟು ವರ್ಷದಲ್ಲಿ ಬಾಣಂತನದ ತಕ್ಕಡಿಯಲ್ಲಿ ದೇಶಗಳನ್ನು ತೂಗಿಕೊಡಿ ಎಂದು ಯಾರೂ ಕೇಳಿರಲಿಲ್ಲ. ಆದರೆ ಬರೆಯಲು ಕೂತಾಗ ಪ್ರಶ್ನೆ ಅಷ್ಟು ಪೆದ್ದಾದುದಲ್ಲ ಅನ್ನಿಸಿತು. ಬಂದವರನ್ನು ಒಂದು ದೇಶ ಹೇಗೆ ನೋಡುತ್ತದೆ ಎಂಬುದು ಒಳಗೆ ಬಿಟ್ಟುಕೊಳ್ಳುವಾಗ ಪೂರ್ತಿ ಗೊತ್ತಾಗುವುದಿಲ್ಲ. ಹೊರಗೆ ಹೋದವರಿಗಾಗಿ ಎಷ್ಟು ದಿನ ಬಾಗಿಲು ತೆರೆದಿಟ್ಟಿರುತ್ತದೆ ಎಂಬುದರಲ್ಲಿ ಗೊತ್ತಾಗುತ್ತದೆ.

ಅವರ ತೂಕದ ಚೀಟಿಯ ಹಿಂದೆಯೇ ಬರೆಯತೊಡಗಿದೆ. ದುಬೈ: ಆರು ತಿಂಗಳು ಹೊರಗಿದ್ದರೆ ವಾಸದ ವೀಸಾ ರದ್ದು, ಹೆಂಡತಿ ಮಕ್ಕಳನ್ನು ಕರೆಸಿಕೊಳ್ಳಲು ಗಂಡನಿಗೆ ಇಂತಿಷ್ಟು ಪಗಾರ ಇರಲೇಬೇಕು, ಎಷ್ಟು ವರ್ಷ ದುಡಿದರೂ ಅಲ್ಲಿನ ಪ್ರಜೆಯಾಗುವ ಆಸೆ ಇಟ್ಟುಕೊಳ್ಳುವ ಹಾಗಿಲ್ಲ. ಸೌದಿ: ಹೊರಡುವ ಮುಂಚೆಯೇ ತಿರುಗಿ ಬರುವ ಪರವಾನಗಿ ಪಡೆಯಬೇಕು, ಅದರಲ್ಲಿ ಬರೆದ ದಿನ ಮೀರಬಾರದು. ಬ್ರಿಟನ್: ಕಾಯಂ ನೆಲೆ ಸಿಕ್ಕವರು ಎರಡು ವರ್ಷದ ತನಕ ಹೊರಗಿರಬಹುದು. ಅಮೆರಿಕ: ಹಸಿರು ಕಾರ್ಡಿನವರು ವರ್ಷ ದಾಟಿಸಿದರೆ ಬಾಗಿಲಲ್ಲೇ ವಿಚಾರಣೆ. ಕೆನಡಾ: ಕಾಯಂ ನೆಲೆಯವರು ಐದು ವರ್ಷದಲ್ಲಿ ಎರಡು ವರ್ಷ ಅಲ್ಲಿದ್ದರೆ ಸಾಕು, ಆದರೆ ಆ ಕಾಯಂ ನೆಲೆ ಸಿಗುವವರೆಗೆ ವಯಸ್ಸಿಗೆ, ಓದಿಗೆ, ಭಾಷೆಗೆ ಅಂಕ ಹಾಕುತ್ತ ಕೂರುತ್ತಾರೆ.

ದಲಾಲರು ಕನ್ನಡಕ ಏರಿಸಿ ಓದಿದರು. "ಕೆನಡಾ ನಮ್ಮ ಬ್ಯಾಡಗಿ ಕಾಯಿ ಇದ್ಹಂಗ ಬಿಡ್ರಿ. ನೋಡಾಕ ಕೆಂಪ, ಖಾರ ಕಡಿಮಿ. ಮತ್ತ ನಮ್ಮ ದೇಶ?"

ಅವರ ಗೋದಾಮಿನ ಕಾವಲುಗಾರ ನೇಪಾಳದವನು. ಅಲ್ಲೇ ಬಾಗಿಲಲ್ಲಿ ನಿಂತಿದ್ದ. ಅವನನ್ನು ತೋರಿಸಿ, "ಇವರಿಗೆ ವೀಸಾನೂ ಬೇಕಿಲ್ಲ, ಏನೂ ಬೇಕಿಲ್ಲ. ಬ್ಯಾರೆ ದೇಶದವರು ಆರ ತಿಂಗಳದ ಮ್ಯಾಲ ಇರಾಕ ಬಂದ್ರ ಹದಿನಾಕ ದಿನದಾಗ ಹೆಸರ ಬರಸಬೇಕು. ನಾವೂ ಏನ್ ಕಡಿಮಿ ಇಲ್ರಿ," ಎಂದೆ.

ಕೊನೆಯಲ್ಲಿ, ಕೇಳಿರದಿದ್ದರೂ, ಜರ್ಮನಿ ಎಂದು ಬರೆದೆ. ಮುಂದೆ 'ಆರು ತಿಂಗಳು' ಎಂದು ಬರೆಯುವಾಗ ಪೆನ್ನು ನಿಂತಿತು.

"ದೊಡ್ಡಾಕಿ ಯಾವಾಗ ಬಂದಾಳ್ರಿ?"

"ನವರಾತ್ರ್ಯಾಗ ಬಂದ್ಳಲ್ರಿ, ಏಳ ತಿಂಗಳ ಬಸರಿದ್ದಾಗ, ಕುಬಸಕ್ಕ. ಡಿಸೆಂಬರ್ ನಡಕ ಹಡದ್ಳು. ಹೆಣ್ಣ ಕೂಸು."

"ಹೋಗೂದು?"

"ಕೂಸಿಗೆ ಐದರಾಗ ಕಳಸೂದು. ಮೇ ತಿಂಗಳ."

ಅವರು ಇನ್ನೂ ನಗುತ್ತಲೇ ಇದ್ದರು. ನಾನು ಬೆರಳು ಮಡಚಿ ಎಣಿಸಿದೆ. ಅಕ್ಟೋಬರ್ ಮೊದಲ ವಾರದಿಂದ ಏಪ್ರಿಲ್ ಮೊದಲ ವಾರ. ಮೇ ತಿಂಗಳಿಗೆ ಅವಳ ಪರವಾನಗಿ ಇರುವುದಿಲ್ಲ. ಮನೆಗೆ ಹೋಗೋಣ ನಡೆಯಿರಿ ಎಂದೆ.

ಘಾಟು ಬಾರದ ಓಣಿಯಲ್ಲಿ ಅವರ ಮನೆ. ಬಾಣಂತಿ ಕೋಣೆಯಲ್ಲಿ ಕಿವಿಗೆ ಬಟ್ಟೆ ಕಟ್ಟಿಕೊಂಡು ಕೂತಿದ್ದ ಹುಡುಗಿ ನನ್ನನ್ನು ನೋಡಿ ನಕ್ಕಳು. ಎರಡು ವರ್ಷದ ಹಿಂದೆ ಇವಳು ಗಂಡನ ಬಳಿ ಹೋಗುವಾಗ ಮದುವೆಯ ಕಾಗದಗಳಿಗೆಲ್ಲ ಮುದ್ರೆ ಒತ್ತಿದವಳು ನಾನೇ. ಹೋಗುವ ಕಾಯ್ದೆಯನ್ನೆಲ್ಲ ಹೇಳಿದ್ದೆ. ತವರಿಗೆ ಬಂದರೆ ಎಷ್ಟು ದಿನ ಇರಬಹುದು ಎಂದು ಅವಳೂ ಕೇಳಿರಲಿಲ್ಲ, ನನಗೂ ಹೊಳೆದಿರಲಿಲ್ಲ. ನಮ್ಮ ಕಡೆ ಚೊಚ್ಚಲ ಹೆರಿಗೆ ಎಲ್ಲಿ ಆಗುತ್ತದೆ ಎಂದು ನನಗೆ ಗೊತ್ತಿರಲಿಲ್ಲವೇ? ಈ ಪ್ರಶ್ನೆ ಮುಂದೆ ಎರಡು ತಿಂಗಳು ನನ್ನನ್ನು ತಿಂದಿತು.

ಪಾಸ್‌ಪೋರ್ಟ್ ತರಿಸಿ ಅಲ್ಲಿಂದ ಹೊರಟ ದಿನದ ಮುದ್ರೆ ನೋಡಿದೆ. ನನ್ನ ಲೆಕ್ಕ ಸರಿಯಾಗಿತ್ತು. ಅವಳ ಗಂಡನಿಗೆ ಫೋನು ಹಚ್ಚಿದೆವು. ಡಿಪ್ಲೊಮಾ ಮುಗಿಸಿದ ಹುಡುಗ, ಅಲ್ಲಿನ ಸಣ್ಣ ಊರೊಂದರಲ್ಲಿ ಯಂತ್ರದ ಬಿಡಿಭಾಗ ಕೊರೆಯುವ ಕೆಲಸ.

"ಹನ್ನೆರಡ ತಿಂಗಳ ಅಂದಿದ್ರಲ್ರಿ! ನಮ್ಮ ಬಾಜೂ ಮನ್ಯಾಗ ಒಬ್ರ ಎಂಜಿನಿಯರ್ ಅದಾರ. ಅವರ ಹೆಂಡ್ತಿನೂ ಹಡ್ಯಾಕ ಹೋಗಿ ಒಂಬತ್ತ ತಿಂಗಳಿಗೆ ಬಂದ್ಲು."

"ಅವರದು ಯಾವ ಕಾರ್ಡ್? ನೀಲಿ ಕಾರ್ಡೇನು?"

ನೋಡಿ ಹೇಳ್ತೇನಿ ಎಂದು ಫೋನಿಟ್ಟ. ಆಮೇಲೆ ತನ್ನ ಕಾರ್ಡಿನ ಫೋಟೊ ಕಳಿಸಿದ. ಹೆಚ್ಚು ಓದಿ ಹೆಚ್ಚು ಪಗಾರ ತರುವವರಿಗೆ ಕೊಡುವ ನೀಲಿ ಕಾರ್ಡು ಅದಲ್ಲ. ನೀಲಿ ಕಾರ್ಡಿನವರ ಹೆಂಡತಿ ಹನ್ನೆರಡು ತಿಂಗಳು ಹೊರಗಿರಬಹುದು. ಕೈಕೆಲಸ ಮಾಡುವವನ ಹೆಂಡತಿಗೆ ಆರೇ. ಒಂದೇ ದೇಶ, ಒಂದೇ ಕಟ್ಟಡ, ಗೋಡೆಯ ಆಚೆ ಒಂದು ಕಾಯ್ದೆ, ಈಚೆ ಒಂದು. ದೇಶ ದೇಶಗಳನ್ನು ಹೋಲಿಸಿ ಬರೆದ ನನ್ನ ಚೀಟಿ ಅರ್ಧ ಸುಳ್ಳಾಯಿತು. ಬಿಗಿ ಎನ್ನುವುದು ದೇಶಕ್ಕೊಂದೇ ಇರುವುದಿಲ್ಲ.

ಇನ್ನೊಂದು ತೊಡಕು ಇದಕ್ಕಿಂತ ದೊಡ್ಡದು. ತಾಯಿಗೆ ಪರವಾನಗಿ ಇದೆ, ಏಪ್ರಿಲ್ ಮೊದಲ ವಾರದೊಳಗೆ ಆ ನೆಲ ಮುಟ್ಟದಿದ್ದರೆ ಅದು ತಾನಾಗಿ ರದ್ದಾಗುತ್ತದೆ. ಕೂಸಿಗೆ ಪರವಾನಗಿಯೇ ಇಲ್ಲ. ಇಲ್ಲಿ ಹುಟ್ಟಿದ್ದರಿಂದ ಅದಕ್ಕೆ ಪಾಸ್‌ಪೋರ್ಟ್ ಮಾಡಿಸಿ, ವೀಸಾ ಕೇಳಿ, ಕಾಯಬೇಕು. ತಾಯಿ ಹೋಗದೆ ವಿಧಿಯಿಲ್ಲ, ಕೂಸಿಗೆ ಹೋಗಲು ದಾರಿಯಿಲ್ಲ. ಪರವಾನಗಿ ಹೋದರೆ ಮೊದಲಿನಿಂದ ಅರ್ಜಿ, ಮೊದಲಿನಿಂದ ಸರದಿ. ಅವಳು ಆ ಭಾಷೆ ಕಲಿತು ಪರೀಕ್ಷೆ ಪಾಸಾಗಿ, ಸೆಪ್ಟೆಂಬರಿಗೆ ಅಲ್ಲೊಂದು ಆಸ್ಪತ್ರೆಯಲ್ಲಿ ದಾದಿಯ ತರಬೇತಿಗೆ ಸೀಟು ಹಿಡಿದಿದ್ದಳು. ಅದೂ ಹೋದಂತೆಯೇ.

ಇಷ್ಟೆಲ್ಲ ಬಿಡಿಸಿ ಹೇಳಿದ ಮೇಲೆ, ಕೋಣೆಯ ಮೂಲೆಯಲ್ಲಿ ಕೂಸಿಗೆ ಲೋಬಾನ ಹಾಕುತ್ತಿದ್ದ ಆಯಿ, ಅಂದರೆ ದಲಾಲರ ತಾಯಿ, ತಲೆ ಎತ್ತದೆ ಹೇಳಿದರು: "ಕಳಸೂದಾದ್ರ ಮೂರರಾಗ ಕಳಸಬೇಕು, ಇಲ್ಲಾ ಐದರಾಗ. ನಾಕರಾಗ ಬಾಣಂತಿನ್ನ, ಕೂಸನ್ನ ಹೊಸ್ತಿಲ ದಾಟಸೂದಿಲ್ಲ."

ಏಪ್ರಿಲ್ ಮೊದಲ ವಾರ ಕೂಸಿಗೆ ನಾಲ್ಕನೆಯ ತಿಂಗಳು ನಡೆಯುತ್ತಿರುತ್ತದೆ. ನನ್ನ ಚೀಟಿಗೆ ಇನ್ನೊಂದು ದೇಶ ಸೇರಿತು ಅಂದುಕೊಂಡೆ. ಉಳಿದ ಯಾವ ದೇಶಕ್ಕಾದರೂ ಅರ್ಜಿ ಬರೆಯಬಹುದು, ಈ ದೇಶಕ್ಕೆ ಅದೂ ಇಲ್ಲ.

ಆಮೇಲಿನ ಐದು ವಾರ ಬರೀ ಓಡಾಟ. ಪಾಸ್‌ಪೋರ್ಟಿಗೆ ಕೂಸಿನ ಜನನ ಪ್ರಮಾಣಪತ್ರ ಬೇಕು. ಪುರಸಭೆಯಿಂದ ತಂದಿದ್ದರಲ್ಲಿ ಹೆಸರಿನ ಜಾಗ ಖಾಲಿ ಇತ್ತು. ಯಾಕೆಂದರೆ ಕೂಸಿಗೆ ಹೆಸರೇ ಇರಲಿಲ್ಲ. ಅಳಿಯನಿಗೆ ರಜೆ ಸಿಕ್ಕಾಗ ತೊಟ್ಟಿಲ ಕಾರ್ಯ ಮಾಡೋಣ ಎಂದು ಕಾಯುತ್ತ ಕೂತಿದ್ದರು. ನಾನು ಸಿಟ್ಟಿಗೆದ್ದೆ. "ಹೆಸರಿಲ್ಲದ ಕೂಸಿಗೆ ಯಾವ ದೇಶದವರೂ ಬಾಗಲಾ ತಗಿಯೂದಿಲ್ರಿ," ಎಂದು ಜೋರಾಗಿಯೇ ಅಂದೆ. ಮರುವಾರವೇ ತೊಟ್ಟಿಲು ಕಟ್ಟಿದರು. ಅಪ್ಪ ಫೋನಿನಲ್ಲಿ, ಎಣ್ಣೆ ಮೆತ್ತಿದ ಅಂಗಿಯಲ್ಲೇ, ಯಂತ್ರದ ಪಕ್ಕದಲ್ಲಿ ನಿಂತು ಮಗಳ ಹೆಸರು ಕೇಳಿಸಿಕೊಂಡ. ಹೆಸರು ಸೇರಿಸಿಕೊಂಡು ಪ್ರಮಾಣಪತ್ರ ಬಂತು. ಅಪ್ಪನ ಒಪ್ಪಿಗೆಪತ್ರ ಅಲ್ಲಿಂದ ಬಂತು. ಹುಬ್ಬಳ್ಳಿಯ ಪಾಸ್‌ಪೋರ್ಟ್ ಕಚೇರಿಗೆ ಎರಡು ಸಲ ಹೋದೆವು. ಮೊದಲ ಸಲ ಕೂಸು ಕಣ್ಣು ಮುಚ್ಚಿದ ಫೋಟೊ ಎಂದು ಹಿಂದಕ್ಕೆ ಕಳಿಸಿದ್ದರು.

ಇದರ ನಡುವೆ ಅಲ್ಲಿನ ವಿದೇಶಿಯರ ಕಚೇರಿಗೆ ಒಂದು ಅರ್ಜಿ ಹಾಕಿಸಿದೆ. ಆರು ತಿಂಗಳು ಮುಗಿಯುವುದರೊಳಗೆ ತಕ್ಕ ಕಾರಣ ಕೊಟ್ಟು ಕೇಳಿಕೊಂಡರೆ ಅವಧಿ ಹೆಚ್ಚಿಸಬಹುದು ಎಂದು ಅವರ ಕಾಯ್ದೆಯಲ್ಲೇ ಇದೆ. ಹೆರಿಗೆ ವೈದ್ಯರ ಪತ್ರ, ಕೂಸಿನ ಪ್ರಮಾಣಪತ್ರ, ಎಲ್ಲ ಲಗತ್ತಿಸಿದೆವು. ನಿಮ್ಮ ಪತ್ರ ತಲುಪಿದೆ, ದಯವಿಟ್ಟು ಮತ್ತೆ ಮತ್ತೆ ವಿಚಾರಿಸಬೇಡಿ ಎಂದು ಯಂತ್ರದಿಂದ ಉತ್ತರ ಬಂತು. ಅಷ್ಟೇ. ಕೂಸಿನ ವೀಸಾ ಅರ್ಜಿ ಕೊಡಲು ಸಿಕ್ಕ ದಿನ ಏಪ್ರಿಲ್ ಕೊನೆಯ ವಾರದ್ದು. ನಾನು ದಿನವೂ ಕೋರ್ಟಿಗೆ ಹೊರಡುವ ಮುಂಚೆ ಕ್ಯಾಲೆಂಡರಿನಲ್ಲಿ ಒಂದು ಗೀಟು ಹಾಕುತ್ತಿದ್ದೆ. ಅವಳು ಅಲ್ಲಿಂದ ಹೊರಟು ನೂರಾ ಐವತ್ತು ದಿನ ದಾಟಿತು. ಪಕ್ಷಗಾರರು ಹೊಲದ ಬದುವಿನ ಮಾತಾಡುತ್ತಿದ್ದರೆ ನನ್ನ ತಲೆಯಲ್ಲಿ ಆ ಗೀಟುಗಳೇ ಓಡಾಡುತ್ತಿದ್ದವು.

ಮಾರ್ಚ್ ನಡುವೆ ಒಂದು ಮಧ್ಯಾಹ್ನ ಎಲ್ಲರನ್ನೂ ಕೂಡಿಸಿ ಹೇಳಿಬಿಟ್ಟೆ. ಉಳಿದಿರುವುದು ಎರಡೇ ದಾರಿ. ಪರವಾನಗಿ ಬಿಟ್ಟುಕೊಟ್ಟು ಇಬ್ಬರಿಗೂ ಹೊಸದಾಗಿ ಅರ್ಜಿ ಹಾಕಿ ಕಾಯುವುದು, ಇಲ್ಲವೇ ಉತ್ತರ ಬಂದೀತೆಂದು ಕೊನೆಯ ದಿನದವರೆಗೆ ನಂಬಿ ಕೂರುವುದು.  ಹುಡುಗಿ ಕೂಸಿಗೆ ಹಾಲು ಕುಡಿಸುತ್ತಿದ್ದವಳು ಕೇಳಿದಳು:

"ಅಕ್ಕಾರ, ಕೂಸನ್ನ ಇಲ್ಲೇ ಬಿಟ್ಟು, ನಾ ಒಬ್ಬಾಕೆನ ಹೋಗಿ ಮುಟ್ಟಿ ಬಂದ್ರ ನಡಿತೈತೇನ್ರಿ?"

ನನಗೆ ಅದು ಹೊಳೆದಿರಲಿಲ್ಲ ಅಂದರೆ ಸುಳ್ಳಾದೀತು. ಹೊಳೆದಿತ್ತು. ಬಾಯಿ ಬಿಟ್ಟು ಹೇಳುವ ಧೈರ್ಯ ಇರಲಿಲ್ಲ. ಕಾಯ್ದೆಯ ಪ್ರಕಾರ ಆರು ತಿಂಗಳೊಳಗೆ ಒಮ್ಮೆ ಒಳಗೆ ಕಾಲಿಟ್ಟರೆ ಲೆಕ್ಕ ಮತ್ತೆ ಮೊದಲಿನಿಂದ. ಅವಳ ಮನೆ, ವಿಮೆ, ತರಬೇತಿಯ ಸೀಟು ಎಲ್ಲ ಅಲ್ಲೇ ಇದ್ದುದರಿಂದ ತಕರಾರು ಬರಲಾರದು. ಹೋಗಿ ಬರುವುದು ಸೇರಿ ಆರು ದಿನ. "ನಡಿತೈತಿ. ಆದ್ರ ಕೂಸಿಗೆ ಇನ್ನೂ ಮೂರ ತಿಂಗಳ ತುಂಬಿ ನಾಕ ದಿನಾ ಆಗಿಲ್ಲ," ಎಂದೆ.

"ನಂಗ ಗೊತ್ತೈತ್ರಿ," ಎಂದಳು.

ಮರುದಿನ ಹಾವೇರಿಯ ಜಿಲ್ಲಾ ನ್ಯಾಯಾಲಯದಲ್ಲಿ ಕೆಲಸವಿತ್ತು. ಮುಗಿಸಿಕೊಂಡು ಅಲ್ಲೇ ಇರುವ ಅವಳ ಅತ್ತೆಯ ಮನೆಗೆ ಹೋದೆ. ಬೇಡ ಅನ್ನುತ್ತಾರೆಂದು ನಾನು ವಾದ ಕಟ್ಟಿಕೊಂಡೇ ಹೋಗಿದ್ದೆ. ಆ ಅತ್ತೆ ಚಹಾ ಕೊಟ್ಟು, "ನಮ್ಮದೇನ ಐತ್ರಿ. ಬಾಣಂತಿ ಅವರ ಮನ್ಯಾಗ ಇದ್ದಾಗ ಅವರ ಆಯಿ ಮಾತ ನಡಿಯೂದು. ಆಕಿನ್ನ ಒಪ್ಪಿಸ್ರಿ," ಎಂದು ಬಾಗಿಲವರೆಗೆ ಬಂದು ಬೀಳ್ಕೊಟ್ಟರು. ಕಚೇರಿಯಿಂದ ಕಚೇರಿಗೆ ಕಳಿಸುವುದು ನಮಗೂ ಚೆನ್ನಾಗಿ ಬರುತ್ತದೆ.

ಆಯಿಯನ್ನು ಒಪ್ಪಿಸಲು ಬ್ಯಾಡಗಿಯ ಬಸ್ಸಿನಲ್ಲಿ ಕೂತು ಏನೇನೋ ಯೋಚಿಸಿದೆ. ಸೀಟಿನ ಮಾತು, ಅಳಿಯನ ಮಾತು. ಅಲ್ಲಿ ಹೋಗಿ ಬಾಯಿ ತೆರೆಯುವಷ್ಟರಲ್ಲಿ ಅವರೇ ತಡೆದರು. ಮೊಮ್ಮಗಳು ಎಲ್ಲ ಹೇಳಿಯಾಗಿತ್ತು.

"ನಾಕರಾಗ ಕಳಸೂದಿಲ್ಲ ಅಂದೇನಿ, ಖರೇ. ಕಳಸೂದಂದ್ರೇನು? ಉಡಿ ತುಂಬಿ, ದೇವರಿಗೆ ದೀಪಾ ಹಚ್ಚಿ, ಕೂಸನ್ನ ಕಂಕುಳಕ್ಕ ಕೊಟ್ಟು ಕಳಸೂದು. ಈಕಿಗೆ ನಾ ಉಡಿ ತುಂಬೂದಿಲ್ಲ. ಕೂಸ ಇಲ್ಲೇ ಇರ್ತೈತಿ. ಹಂಗಾದ ಮ್ಯಾಲ ಈಕಿ ಹೋಗೇ ಇಲ್ಲ. ಏನೋ ಕೆಲಸಕ್ಕ ಹೊರಗ ಹೋಗ್ಯಾಳ, ಬರ್ತಾಳ."

 ಐದು ವಾರದಿಂದ ದೊಡ್ಡ ದೇಶವೊಂದರ ಕಚೇರಿ ಕೊಡದ ವಿನಾಯಿತಿಯನ್ನು, ಅರ್ಜಿ ಇಲ್ಲದೆ, ಲೋಬಾನದ ಕೆಂಡ ಕೆದಕುತ್ತ, ಈ ಮುದುಕಿ ಒಂದೇ ಉಸಿರಿನಲ್ಲಿ ಕೊಟ್ಟುಬಿಟ್ಟಿದ್ದರು. ಕಣ್ಣು ತುಂಬಿ ಬಂತು, ಹೊಗೆಗೆ ಎಂದು ಹೇಳಿಕೊಂಡೆ.

ಅವಳು ಹೊರಟದ್ದು ನೂರಾ ಎಪ್ಪತ್ತೊಂದನೆಯ ದಿನ. ಒಂದು ವಾರ ಹಾಲು ಹಿಂಡಿ ಫ್ರಿಜ್ಜಿನಲ್ಲಿ ಇಟ್ಟಿದ್ದಳು, ಡಾಕ್ಟರನ್ನು ಕೇಳಿಯೇ. ಕುಂಕುಮ ಹಚ್ಚಲಿಲ್ಲ, ಯಾರೂ ಬಾಗಿಲಿಗೆ ಬರಲಿಲ್ಲ, ಹೋಗಿ ಬರ್ತೇನಿ ಎಂದೂ ಹೇಳಬಾರದೆಂದು ಆಯಿ ತಾಕೀತು ಮಾಡಿದ್ದರು. ಆಕೆ ಕಾರು ಹತ್ತುವಾಗ ಆಯಿ ಬೆನ್ನು ಮಾಡಿ ಒಲೆಯ ಮುಂದೆ ಕೂತಿದ್ದರು. ದಿನಾ ಉಡುತ್ತಿದ್ದ ಸೀರೆಯನ್ನು ಒಗೆಯದೆ ಇಟ್ಟು ಹೋಗು ಎಂದಷ್ಟೇ ಹೇಳಿದ್ದರು.

ಆ ಆರು ದಿನ ನಾನು ಬ್ಯಾಡಗಿಗೆ ಫೋನು ಮಾಡಲಿಲ್ಲ. ಕೂಸು ಅತ್ತಿತು ಎಂದರೆ ಕೇಳುವ ಶಕ್ತಿ ಇರಲಿಲ್ಲ.

ಏಳನೆಯ ದಿನ ಮುದ್ರೆ ನೋಡಲು ಹೋದೆ. ಪಾಸ್‌ಪೋರ್ಟಿನಲ್ಲಿ ಒಳಗೆ ಬಂದ ದಿನ ನಿಚ್ಚಳವಾಗಿ ಮೂಡಿತ್ತು. ನೂರಾ ಎಪ್ಪತ್ತೆರಡು. ಹುಡುಗಿ ಹಳೆಯ ಸೀರೆ ಉಟ್ಟು ಗೋಡೆಗೆ ಒರಗಿ ಕೂತಿದ್ದಳು, ಕಣ್ಣ ಕೆಳಗೆ ಕಪ್ಪಾಗಿತ್ತು.

"ವಿಮಾನ ಇಳದ ಮ್ಯಾಲ ಸಾಲಾಗ ನಿಂತಿದ್ನಿರಿ. ಹಿಂದ ಯಾರದೋ ಕೂಸ ಅಳಾಕತ್ತು. ನಂಗ ಹಾಲ ಇಳದು ಅಂಗಿ ಎಲ್ಲಾ ತೊಯ್ದಹೋತು. ಕಿಡಕಿ ಒಳಗಿನ ಆಫೀಸರ್ ಏನೋ ಕೇಳಾಕ ಬಾಯಿ ತಗದಾಂವ, ನೋಡಿ ಸುಮ್ಮನಾದ. ತಲಿ ಬಗ್ಗಿಸಿ ಸಿಕ್ಕಾ ಹೊಡದ ಕೊಟ್ಟ. ಅಲ್ಲಿದ್ದಷ್ಟ ದಿನಾ ಹಿಂಡಿ ಹಿಂಡಿ ಮೋರ್‍ಯಾಗ ಚೆಲ್ಲೀನ್ರಿ ಅಕ್ಕಾರ." ಅವಳು ಅಳಲಿಲ್ಲ. ನಾನು ಪಾಸ್‌ಪೋರ್ಟ್ ಮುಚ್ಚಿ ಕೊಟ್ಟೆ.

ಹಿಂದಿನ ದಿನ ಅವಳು ಮನೆಗೆ ಬಂದಾಗ ಕೂಸು ಅವಳನ್ನು ನೋಡಿ ಮುಖ ತಿರುಗಿಸಿ ಚೀರಿತಂತೆ. ಪರದೇಶದ ಸೋಪು, ವಿಮಾನದ ವಾಸನೆ. ಆಯಿ ಅವಳಿಗೆ ಸ್ನಾನ ಮಾಡಿಸಿ, ಆರು ದಿನ ಕೂಸಿನ ಕೆಳಗೆ ಹಾಸಿದ್ದ ಆ ಒಗೆಯದ ಸೀರೆಯನ್ನೇ ಉಡಿಸಿದರು. ಸಂಜೆಯ ಹೊತ್ತಿಗೆ ಕೂಸು ಎದೆಗೆ ಬಂತು.

ಅದಾದ ಹತ್ತು ದಿನಕ್ಕೆ ವಿದೇಶಿಯರ ಕಚೇರಿಯಿಂದ ಉತ್ತರ ಬಂತು. ತಾವು ಅವಧಿಯೊಳಗೆ ದೇಶಕ್ಕೆ ಮರಳಿರುವುದರಿಂದ ತಮ್ಮ ಕೋರಿಕೆಗೆ ಈಗ ಪ್ರಸಕ್ತತೆ ಇಲ್ಲ, ಕಡತ ಮುಗಿಸಲಾಗಿದೆ. ಬಹಳ ಸಭ್ಯವಾದ ಪತ್ರ. ಓದಿ ನಗಬೇಕೆನ್ನಿಸಿತು, ಅದಕ್ಕೂ ಸುಸ್ತಾಗಿತ್ತು.

ಕೂಸಿನ ವೀಸಾ ಬಂದದ್ದು ಜೂನ್ ಕೊನೆಗೆ. ಐದು ದಾಟಿತ್ತು, ಆರು ದಾಟಿತ್ತು, ಏಳು ನಡೆಯುತ್ತಿತ್ತು. ಆಯಿಯ ಕಾಯ್ದೆಗೂ ಸರಿಹೋಯಿತು. ಜುಲೈ ಮೊದಲ ವಾರ ಕಳಿಸುವ ದಿನ ನನ್ನನ್ನೂ ಕರೆದಿದ್ದರು. ಈ ಸಲ ದೀಪ ಹಚ್ಚಿದರು. ಅಕ್ಕಿ, ಕೊಬ್ಬರಿ, ಬೆಲ್ಲ ಹಾಕಿ ಉಡಿ ತುಂಬಿದರು. ಕೂಸನ್ನು ಕಂಕುಳಿಗೆ ಕೊಟ್ಟರು. ಮಾರ್ಚ್‌ನಲ್ಲಿ ಒಂದು ಹನಿ ಹಾಕದಿದ್ದ ಹುಡುಗಿ ಹೊಸ್ತಿಲಲ್ಲಿ ನಿಂತು ಬಿಕ್ಕಿ ಬಿಕ್ಕಿ ಅತ್ತಳು. ದಲಾಲರು ಕಾರಿನ ಡಿಕ್ಕಿಯನ್ನು ಮೂರು ಸಲ ತೆರೆದು ಮುಚ್ಚಿದರು. ಸಣ್ಣ ಮಗಳ ವರಗಳ ಸುದ್ದಿಯನ್ನು ಯಾರೂ ಎತ್ತಲಿಲ್ಲ. ನಾನು ಬರೆದುಕೊಟ್ಟ ಚೀಟಿ ಅವರ ಅಂಗಿಯ ಕಿಸೆಯಲ್ಲಿ ಇನ್ನೂ ಇತ್ತೋ ಇಲ್ಲವೋ.

ಕಾರು ಓಣಿ ದಾಟಿದ ಮೇಲೆ ಆಯಿ ಕಟ್ಟೆಯ ಮೇಲೆ ಕೂತರು. ನಾನೂ ಪಕ್ಕದಲ್ಲಿ ಕೂತೆ. ಆಮೇಲೆ ಕೇಳಿದರು:

"ಯವ್ವಾ, ಆರ ತಿಂಗಳದಾಗ ತಿರಿಗಿ ಬರಲಿಲ್ಲಂದ್ರ ಹಕ್ಕ ಹೋತು ಅಂತ ಅವರ ದೇಶದಾಗ ಕಾಯ್ದೆ ಐತಿ. ಕೂಸ ಬಿಟ್ಟ ಓಡಿಹೋದ್ಳು ನೋಡು, ಅಂಜಿ. ನಮ್ಮ ದೇಶದಾಗ ಅಂಥಾದ್ದೊಂದ ಕಾಯ್ದೆ ಇಲ್ಲೇನು?"

"ಇಲ್ರಿ ಆಯಿ. ನಮ್ಮವರು ಎಷ್ಟ ವರ್ಷ ಬಿಟ್ಟ ಬಂದ್ರೂ ಒಳಗ ಬಿಟ್ಕೊತಾರ. ಇಲ್ಲಿ ಯಾರೂ ದಿನಾ ಎಣಸೂದಿಲ್ಲ," ಎಂದೆ, ಸಮಾಧಾನ ಹೇಳುವವಳಂತೆ.

ಆಯಿ ಖಾಲಿ ಓಣಿಯ ಕಡೆ ನೋಡುತ್ತಿದ್ದರು.

"ಹಂಗಾದ್ರ ಆಕಿ ಬರೂದಿಲ್ಲ ಬಿಡು," ಎಂದು, ಮೊಣಕಾಲಿಗೆ ಕೈ ಊರಿ ಎದ್ದು, ತೊಟ್ಟಿಲು ಬಿಚ್ಚಲು ಒಳಗೆ ಹೋದರು.